ಹದಿನೆಂಟು ಪೆಡಲ್ ಉದ್ದದ ಸೇತುವೆ: ಏಳು ಗೇರಿನ ಸೈಕಲ್ ಜತೆ ನಾಲ್ಕು ವರ್ಷ

ತೂಕ, ಫ್ರೇಮಿನ ಅಳತೆ, ಟೈರಿನ ನಂಬರು ಬೇಕಿದ್ದವರು ಕಂಪನಿಯವರ ಪುಟದಲ್ಲೇ ನೋಡಿಕೊಳ್ಳಿ. ನನಗೆ ಹೇಳಬೇಕಿರುವುದು ಇದರ ಗೇರಿನ ವಿಷಯ. ಅದರಲ್ಲೂ ಮೂರನೇ ಗೇರಿನಲ್ಲೇ ಸಿಕ್ಕಿಹಾಕಿಕೊಂಡ ಒಂದು ಮಳೆಗಾಲದ ವಿಷಯ.

2021ರ ಆಗಸ್ಟ್ ಕೊನೆಗೆ ಮೆಟ್ರೋ ಕೆಂಗೇರಿವರೆಗೆ ಬಂತು. ನಮ್ಮ ಮನೆಯಿಂದ ನಿಲ್ದಾಣ ಎರಡು ಕಿಲೋಮೀಟರಿಗೆ ಚೂರು ಹೆಚ್ಚು. ಅಷ್ಟು ಹತ್ತಿರಕ್ಕೆ ಆಟೋದವರು ಬರುವುದಿಲ್ಲ. ನಡೆದು ಹೋದರೆ ಆಫೀಸು ಮುಟ್ಟುವಷ್ಟರಲ್ಲಿ ಚೂಡಿದಾರ್ ಬೆವರಿನಲ್ಲಿ ತೊಯ್ದಿರುತ್ತದೆ. ಸೆಪ್ಟೆಂಬರಿನಲ್ಲಿ ₹14,200 ಕೊಟ್ಟು, ಮುಂದೆ ಬುಟ್ಟಿ ಇರುವ ಈ ಲೇಡೀಸ್ ಸೈಕಲ್ ತಂದೆ. ಆಗ ಸೈಕಲ್ಲಿಗೆ ಜಿಎಸ್‌ಟಿ ಶೇ. 12 ಇತ್ತು. 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿದಿದೆ. ಈಗ ಕೊಳ್ಳುವವರ ಪುಣ್ಯ. ಮೆಟ್ರೋ ಒಳಗೆ ಮಡಚುವ ಸೈಕಲ್ಲಿಗೆ ಮಾತ್ರ ಜಾಗ. ಹಾಗಾಗಿ ನನ್ನದು ದಿನವಿಡೀ ನಿಲ್ದಾಣದ ಕೆಳಗೆ ಬೀಗ ಹಾಕಿಸಿಕೊಂಡು ನಿಂತಿರುತ್ತದೆ.

ಮನೆಗೂ ಮೆಟ್ರೋಗೂ ನಡುವೆ ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟುತ್ತಾಳೆ ಎಂದು ಹಿರಿಯರು ಹೇಳುವ ಹೊಳೆ. ನಮ್ಮ ಕಡೆ ಅದಕ್ಕೆ ಕೆಂಗೇರಿ ಮೋರಿ ಎಂದೇ ಹೆಸರು. ಮೈಸೂರಿನಿಂದ ಬರುವ ಬಸ್ಸಿನಲ್ಲಿ ನಿದ್ದೆಹೋದವರಿಗೂ ಬೆಂಗಳೂರು ಬಂತೆಂದು ಮೂಗೇ ಹೇಳುತ್ತದೆ ಎನ್ನುವ ಜೋಕು ಹಳೆಯದಾಯಿತು. ಬಸ್ಸಿನವರಿಗಾದರೆ ಕಿಟಕಿಯ ಗಾಜು ಎಳೆದುಕೊಳ್ಳಬಹುದು. ನನಗೆ ಉಸಿರು ಕಟ್ಟುವುದೊಂದೇ ದಾರಿ. ಬೇಕರಿ ತಿರುವಿನಲ್ಲಿ ಉದ್ದಕ್ಕೆ ಒಮ್ಮೆ ಎಳೆದುಕೊಳ್ಳುವುದು, ಸೇತುವೆಯ ಮೊದಲ ಕಂಬಿ ಬಂದ ಕೂಡಲೇ ಬಾಯಿ ಮುಚ್ಚುವುದು, ಆಚೆ ದಡದ ಹೊಂಗೆ ಮರದ ನೆರಳು ಮೈಮೇಲೆ ಬಿದ್ದ ಮೇಲೇ ಬಿಡುವುದು. ಮೂರನೇ ಗೇರಿನಲ್ಲಿ ಹದಿನೆಂಟು ಸುತ್ತು ಪೆಡಲ್, ಆರನೆಯದರಲ್ಲಿ ಹದಿನಾಲ್ಕು. ಏಳು ಗೇರು ಯಾಕೆ ಬೇಕು, ಬೆಂಗಳೂರೇನು ಮಡಿಕೇರಿಯೇ ಎಂದು ನಮ್ಮೆಜಮಾನರು ಕೇಳಿದ್ದರು. ಆ ನಾಲ್ಕು ಸುತ್ತಿಗೆ ಬೇಕು!

ಮೊದಲ ಎರಡು ವರ್ಷ ದೂರು ಹೇಳುವಂಥದ್ದೇನೂ ಇರಲಿಲ್ಲ. ಬುಟ್ಟಿಯಲ್ಲಿ ನಾಲ್ಕು ಕಟ್ಟು ಸೊಪ್ಪು, ಒಂದು ತೆಂಗಿನಕಾಯಿ, ಟಿಫನ್ ಬಾಕ್ಸು ಒಟ್ಟಿಗೆ ಹಿಡಿಸುತ್ತವೆ. ಭಾನುವಾರ ಬೆಳಗ್ಗೆ ಜ್ಞಾನಭಾರತಿ ಆವರಣದೊಳಗೆ ಒಂದು ಸುತ್ತು. ಅದೃಷ್ಟವಿದ್ದರೆ ನವಿಲು ಕಾಣಿಸುತ್ತದೆ. ಸೀಟು ಮಾತ್ರ ಕಲ್ಲು. ಜೆಲ್ ಕವರ್ ಹಾಕಿಸಿಕೊಳ್ಳಿ.

ಮೂರನೇ ಮಳೆಗಾಲದಲ್ಲಿ ಗೇರು ಕೈಕೊಟ್ಟಿತು. ಹ್ಯಾಂಡಲ್ ಹತ್ತಿರದ ತಿರುಗಣಿ ಎಷ್ಟು ತಿರುವಿದರೂ ಚೈನು ಮೂರರಿಂದ ಅಲುಗಲಿಲ್ಲ. ಕೇಬಲ್ಲು ತನ್ನ ಕೊಳವೆಯೊಳಗೇ ತುಕ್ಕು ಹಿಡಿದು ಅಂಟಿಕೊಂಡಿತ್ತು. ಸರ್ವಿಸಿನವರು ನೋಡಿ, ‘ತುಕ್ಕು ವಾರಂಟಿಗೆ ಬರಲ್ಲ ಮೇಡಂ, ಪಾರ್ಟು ತರಿಸಬೇಕು, ಟೈಮ್ ಹಿಡಿಯುತ್ತೆ’ ಅಂದರು. ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳೂ ಹದಿನೆಂಟು ಸುತ್ತು. ಎದುರಿಗೆ ನೀರಿನ ಟ್ಯಾಂಕರ್ ಬಂದು ಹನ್ನೆರಡನೇ ಸುತ್ತಿಗೇ ಕಾಲು ಊರಬೇಕಾಗಿ ಬಂದರೆ ಮುಗಿಯಿತು. ಸೇತುವೆಯ ನಟ್ಟನಡುವೆ, ಹಿಂದಿನ ರಾತ್ರಿಯ ಮಳೆಗೆ ಎದ್ದ ನೊರೆ ನೋಡುತ್ತಾ ಬಾಯಿ ತುಂಬ ಅದೇ ಗಾಳಿ. ಒಂದು ನಕ್ಷತ್ರದ ವಿಮರ್ಶೆಯನ್ನು ಆಗಲೇ ಬರೆದಿಟ್ಟಿದ್ದೆ. ಬ್ರ್ಯಾಂಡಿನ ಹೆಸರು ದಪ್ಪಕ್ಷರದಲ್ಲಿತ್ತು.

ಕಳಿಸದೆ ಉಳಿದದ್ದು ಬೆಲ್ಲಿನ ದೆಸೆಯಿಂದ. ಸೈಕಲ್ಲಿನ ಜತೆ ಬಂದ ಪ್ಲಾಸ್ಟಿಕ್ ಬೆಲ್ ಮೂರೇ ತಿಂಗಳಲ್ಲಿ ಒಡೆದಿತ್ತು. ಮಾರ್ಕೆಟ್ ಕಡೆ ಹೋದಾಗ ಹಿತ್ತಾಳೆ ಟೊಪ್ಪಿಯ ಎರಡು ಬೆಲ್ ತಂದು, ಒಂದನ್ನು ಹನುಮಂತನಗರದ ತಂಗಿಯ ಮಗನಿಗೆ ಕೊಟ್ಟೆ. ಟ್ರಿಣ್ ಎಂದು ಶುರುವಾಗಿ ಸ್ವಲ್ಪ ಹೊತ್ತು ಗಾಳಿಯಲ್ಲೇ ಉಳಿಯುವ ಸದ್ದು. ಇಯರ್‌ಫೋನ್ ಹಾಕಿಕೊಂಡವರೂ ದಾರಿ ಬಿಡುತ್ತಾರೆ. ಆದರೆ ವಾರ ಕಳೆಯುವಷ್ಟರಲ್ಲಿ ನನ್ನದರ ಹೊಳಪು ಮಾಸಿ ಕಂದು, ಇನ್ನೊಂದು ವಾರಕ್ಕೆ ಕಪ್ಪು. ಅತ್ತೆ ಗುರುವಾರ ಸಂಜೆ ದೇವರ ದೀಪಗಳಿಗೆ ಹುಣಸೆಹಣ್ಣು ಹಚ್ಚುವಾಗ ಬೆಲ್ಲಿನ ಟೊಪ್ಪಿಯನ್ನೂ ಬಿಚ್ಚಿ ಕೊಡತೊಡಗಿದೆ. ಮೊದಮೊದಲು ಬೈದರು. ‘ಚಕ್ರದ ಧೂಳು ಕುಡಿದದ್ದನ್ನ ದೇವರ ಸಾಮಾನಿನ ಜೊತೆ ತರ್ತೀಯಲ್ಲಮ್ಮ’ ಅಂತ. ಆಮೇಲೆ ಅವರೇ ಕೇಳಿ ಇಸಿದುಕೊಳ್ಳತೊಡಗಿದರು. ನೆನೆದ ಹುಣಸೆಯ ತಿರುಳನ್ನು ಹೆಬ್ಬೆರಳಲ್ಲಿ ಗೋಲಾಕಾರವಾಗಿ ಉಜ್ಜುತ್ತಾ ಹೋದರೆ ಕಪ್ಪು ನೀರು ಇಳಿದು, ಅಡಿಯಿಂದ ಹೊಸ ಬಂಗಾರದಂಥ ಬಣ್ಣ ಏಳುತ್ತದೆ. ನೀರು ಸುರಿದು ಹತ್ತಿ ಬಟ್ಟೆಯಲ್ಲಿ ಒರೆಸಿ, ಅತ್ತೆ ಅದನ್ನು ಉಗುರಿನಿಂದ ಒಮ್ಮೆ ಟಿಣ್ ಅನ್ನಿಸಿಯೇ ಕೊಡುವುದು.

ಹಾಗೊಂದು ಸಂಜೆ ಅವರೇ ಅಂದರು: ‘ನಿನ್ನ ತಂಗಿ ಮನೆ ಬೆಲ್ ನೋಡಿದೀಯಾ? ಹುಣಸೆಹಣ್ಣು ಕಂಡೇ ಇಲ್ಲ, ಫಳಫಳ ಅಂತಿದೆ.’

ಹೌದಲ್ಲ! ಒಂದೇ ಅಂಗಡಿ, ಒಂದೇ ದಿನ, ಒಂದೇ ಬೆಲೆ. ಅದು ಹೊಳೆ ಹುಟ್ಟುವ ಕಡೆ ಇದೆ, ನನ್ನದು ಹೊಳೆ ಊರಿನ ಕೊಳಚೆಯನ್ನೆಲ್ಲ ಹೊತ್ತು ತರುವ ಕಡೆ. ಕೊಳೆತ ಮೊಟ್ಟೆಯಂತೆ ನಾರುವ ಆ ಗಾಳಿಯಲ್ಲಿರುವುದು ಹೈಡ್ರೋಜನ್ ಸಲ್ಫೈಡ್. ಆಮ್ಲಜನಕವಿಲ್ಲದ ಕೊಳಚೆಯಲ್ಲಿ ಬ್ಯಾಕ್ಟೀರಿಯಾಗಳಿಂದ ಹುಟ್ಟುವ ಅನಿಲ, ಗಾಳಿಗಿಂತ ತುಸು ಭಾರ. ಚಳಿಗಾಲದ ಬೆಳಗ್ಗೆ ತಣ್ಣನೆ ಗಾಳಿಯ ಜತೆ ತಗ್ಗಿನಲ್ಲೇ ಕೂತಿರುತ್ತದೆ. ಹಿತ್ತಾಳೆಯ ತಾಮ್ರ, ಕಾಲ್ಗೆಜ್ಜೆಯ ಬೆಳ್ಳಿ ಎರಡನ್ನೂ ಕಪ್ಪಾಗಿಸುವುದು ಇದೇ. ತೇವ ಸೇರಿದರೆ ಕಬ್ಬಿಣವನ್ನೂ ಬಿಡುವುದಿಲ್ಲ. ನಮ್ಮ ಪಂಕ್ಚರ್ ಅಂಗಡಿಯಣ್ಣನಿಗೆ ರಸಾಯನಶಾಸ್ತ್ರವೆಲ್ಲ ಬೇಕಾಗಿರಲಿಲ್ಲ. ಕಡ್ಡಿಗಳ ಬುಡದ ಕಪ್ಪಾದ ನಿಪ್ಪಲ್ ತೋರಿಸಿ, ‘ಹೊಳೆ ದಡದ ಸೈಕಲ್ ಎಲ್ಲಾ ಹಿಂಗೇ ಅಕ್ಕ, ಮೇಲಿನ ಬಡಾವಣೆಯವು ಹಿಂಗಾಗಲ್ಲ’ ಅಂದ.

ಸೈಕಲ್ ಮೇಲಿನ ಸಿಟ್ಟು ಅರ್ಧ ಇಳಿಯಿತು. ದಪ್ಪಕ್ಷರದ ಹೆಸರು ಅಳಿಸಿದೆ. ಇನ್ನರ್ಧ ಇನ್ನೂ ಇದೆ. ಸರ್ವಿಸಿನವರು ತರಿಸಿ ಹಾಕಿದ ಕೇಬಲ್ಲೂ ಒಂದೇ ವರ್ಷಕ್ಕೆ ಬಿಗಿಯಾಯಿತು. ಆಗ ಪಂಕ್ಚರ್ ಅಂಗಡಿಯಣ್ಣ ಸ್ಟೇನ್‌ಲೆಸ್ ಕೇಬಲ್ ಹಾಕಿ, ಕೊಳವೆಗೆ ಗ್ರೀಸ್ ತುಂಬಿ, ಕೂಲಿ ಸೇರಿ ತಗೊಂಡದ್ದು ₹350. ಅದು ಇವತ್ತಿಗೂ ಬೆಣ್ಣೆಯ ಹಾಗೆ ಓಡುತ್ತಿದೆ. ಹದಿನಾಲ್ಕು ಸಾವಿರದ ಸೈಕಲ್ಲಿಗೆ ಅಷ್ಟನ್ನು ಕಂಪನಿಯವರೇ ಹಾಕಬಾರದಿತ್ತೇ?

ಐದಕ್ಕೆ ಮೂರೂವರೆ ಕೊಡುತ್ತೇನೆ. ನಿಮ್ಮ ಮನೆಯೂ ಹೊಳೆ ಪಕ್ಕದಲ್ಲಿದ್ದರೆ ಅಂಗಡಿಯಿಂದ ಹೊರಡುವ ಮೊದಲೇ ಕೇಬಲ್ ಬದಲಾಯಿಸಿಕೊಳ್ಳಿ. ಹದಿನೈದು ದಿನಕ್ಕೊಮ್ಮೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಚೈನು ತಿಕ್ಕಿ, ಒರೆಸಿ, ಎಣ್ಣೆ ಬಿಡಿ. ಒರೆಸದೆ ಎಣ್ಣೆ ಬಿಟ್ಟರೆ ಧೂಳೆಲ್ಲ ಅಲ್ಲೇ ಕೂರುತ್ತದೆ. ಹಿತ್ತಾಳೆ ಬೆಲ್ ಬೇಕೇ ಬೇಡವೇ ಎನ್ನುವುದು ಮನೆಯಲ್ಲಿ ಹುಣಸೆಹಣ್ಣು ಹಚ್ಚುವವರು ಯಾರು ಎನ್ನುವುದರ ಮೇಲೆ ಹೋಗುತ್ತದೆ.

ನಿನ್ನೆ ಬೆಳಗ್ಗೆ ಎದುರಿಗೆ ಯಾರೂ ಬರಲಿಲ್ಲ. ಏಳನೇ ಗೇರಿಗೆ ಹಾಕಿ ಹದಿಮೂರಕ್ಕೇ ದಾಟಿದೆ.