ಮಾಜಾಳಿ ಹತ್ರದ ಹೋಂಸ್ಟೇ: ಜಾಲಿ ಗೋಡೆಗೆ ಫುಲ್ ಮಾರ್ಕ್ಸ್, ಚಪ್ಪಟೆ ಚಾವಣಿಗೆ ಇಲ್ಲ

ಜುಲೈನಲ್ಲಿ ಶಿರಸಿಯಿಂದ ಮನೆಯವ್ರೆಲ್ಲ ಕಾರವಾರಕ್ಕೆ ಹೋದಾಗ ಮಾಜಾಳಿ ಬದಿ ಒಂದು ಹೋಂಸ್ಟೇಲಿ ಎರಡು ರಾತ್ರಿ ಇದ್ವಿ, ಹೆಸರು ಬರೆಯಲ್ಲ, ಅಮೆರಿಕದ ಪಾಮ್ ಸ್ಪ್ರಿಂಗ್ಸ್ ಸ್ಟೈಲಲ್ಲಿ, ಅಂದ್ರೆ ಚಪ್ಪಟೆ ಚಾವಣಿ, ಗಾಜಿನ ಬಾಗಿಲು, ಜಾಲಿ ಗೋಡೆ ಇಟ್ಟು ಕಟ್ಟಿದ್ದಾರೆ. ಅದು ಕ್ಯಾಲಿಫೋರ್ನಿಯಾದ ಮರುಭೂಮಿ ಊರು, 1946ರಲ್ಲಿ ರಿಚರ್ಡ್ ನ್ಯೂಟ್ರಾ ಡಿಸೈನ್ ಮಾಡಿದ ಕೌಫ್‌ಮನ್ ಮನೆ, ಆರ್ಕಿಟೆಕ್ಟ್ ಆಲ್ಬರ್ಟ್ ಫ್ರೈ ಬೆಟ್ಟದ ಬಂಡೆನ ಒಡೀದೆ ಮನೆಯೊಳಗೇ ಬಿಟ್ಕೊಂಡು ತನಗೇ ಅಂತ ಕಟ್ಕೊಂಡ ಮನೆ ಎಲ್ಲ ಅಲ್ಲೇ ಇರೋದು, ಸಿವಿಲ್ ಓದೋವಾಗಿಂದ ಆ ಫೋಟೋಗಳ ಹುಚ್ಚು ನಂಗೆ, ಅದಕ್ಕೇ ಬುಕ್ ಮಾಡಿದ್ದು.

ಜಾಲಿ ಬ್ಲಾಕಿನ (ತೂತು ಇರೋ ಬ್ಲಾಕು) ಗೋಡೆನ ಎಷ್ಟು ಹೊಗಳಿದ್ರೂ ಸಾಲದು. ಬೆಳಿಗ್ಗೆ ಮಳೆ ಬಿಟ್ಟು ಹತ್ತು ನಿಮಿಷ ಬಿಸಿಲು ಬಿದ್ದಾಗ ರೆಡ್ ಆಕ್ಸೈಡ್ ನೆಲದ ಮೇಲೆ ರಂಗೋಲಿ ಚುಕ್ಕಿ ಇಟ್ಟಂಗೆ ಬೆಳಕು, ಗಾಳಿ ಆಡ್ತಾನೇ ಇರತ್ತೆ, ಫ್ಯಾನ್ ಬೇಕಾಗ್ಲಿಲ್ಲ.

ಆದ್ರೆ ಆ ಚಾವಣಿ! ಪಾಮ್ ಸ್ಪ್ರಿಂಗ್ಸಲ್ಲಿ ವರ್ಷವಿಡೀ ಬೀಳೋದೇ ಐದಾರು ಇಂಚು ಮಳೆ, ನಮ್ಮ ಕರಾವಳೀಲಿ ಒಂದೇ ದಿನಕ್ಕೆ ಅಷ್ಟು ಹೊಯ್ಯೋದುಂಟು, ಚಪ್ಪಟೆ ಸ್ಲ್ಯಾಬ್ ಮೇಲೆ ನೀರು ನಿಂತು ಮಂಚದ ತಲೆ ಹತ್ರಾನೇ ಸೋರ್ತಿತ್ತು, ಅಮ್ಮ ಅರ್ಧ ರಾತ್ರಿ ಬಕೆಟ್ ಇಟ್ಕೊಂಡು ಕೂತಿದ್ಲು, ನಂಗೆ ನಿಜಕ್ಕೂ ಬೇಜಾರಾಯ್ತು. ಗಾಜಿನ ಬಾಗಿಲಿನ ಹಳಿ ಉಪ್ಪುಗಾಳಿಗೆ ತುಕ್ಕು ಹಿಡಿದು ಸರಿಯಲ್ಲ. ಅಲ್ಲಿ ಸೂರು ಚಾಚೋದು ಬಿಸಿಲು ತಡೆಯೋಕೆ, ಇಲ್ಲಿ ಇನ್ನೆರಡು ಅಡಿ ಚಾಚಿ ಸ್ವಲ್ಪ ಇಳಿಜಾರು ಕೊಟ್ಟಿದ್ರೆ ಅಂದವೂ ಉಳೀತಿತ್ತು.

ಊಟ, ಸೋಲ್ಕಡಿ ಚೆನ್ನಾಗಿತ್ತು. ಡಿಸೆಂಬರಲ್ಲಿ ಹೋಗೋರು ಧೈರ್ಯವಾಗಿ ಬುಕ್ ಮಾಡಿ, ಮಳೆಗಾಲ ಆದ್ರೆ ಹಿಂಬದಿ ಇರೋ ಹಂಚಿನ ರೂಮೇ ಕೇಳಿ.