ಪೊದೆ ತೆರವಿಗೆ ಸ್ಕಿಡ್ ಸ್ಟಿಯರ್: ಬಳಸಿ ನೋಡಿದ ಮೇಲೆ

ಮುಳ್ಳುಪೊದೆ ಬೆಳೆದು ಪಾಳುಬಿದ್ದ ಜಮೀನನ್ನು ತೆರವು ಮಾಡಲು ಚಕ್ರದ ಸ್ಕಿಡ್ ಸ್ಟಿಯರ್ (ಮುಂದೆ ಬೇರೆ ಬೇರೆ ಉಪಕರಣ ಜೋಡಿಸಬಹುದಾದ ಪುಟ್ಟ ಲೋಡರ್ ಯಂತ್ರ) ಒಂದನ್ನು ಪೊದೆ ಕತ್ತರಿಸುವ ಬ್ರಷ್ ಕಟರ್ ಹಾಗೂ ಹಲ್ಲುಗಳಿಂದ ಕಚ್ಚಿ ಹಿಡಿಯುವ ಗ್ರ್ಯಾಪಲ್ ಬಕೆಟ್ ಸಹಿತ ಬಾಡಿಗೆಗೆ ಪಡೆದು ಬಳಸಿದ ಮೇಲೆ, ಇಂಥ ಯಂತ್ರದಲ್ಲಿ ಅಶ್ವಶಕ್ತಿಗಿಂತ ಮೊದಲು ವಿಚಾರಿಸಬೇಕಾದದ್ದು ಮುಂದಿನ ಉಪಕರಣಗಳನ್ನು ನಡೆಸುವ ಹೈಡ್ರಾಲಿಕ್ ಎಣ್ಣೆಯ ಹರಿವನ್ನು ಎಂಬುದು ನನಗೆ ಮನದಟ್ಟಾಯಿತು. ಮಧ್ಯಮ ಗಾತ್ರದ ಯಂತ್ರಗಳು ನಿಮಿಷಕ್ಕೆ ಸುಮಾರು 65ರಿಂದ 95 ಲೀಟರ್ ಹರಿವು ಕೊಡುತ್ತವೆ. ಬ್ರಷ್ ಕಟರ್‌ಗೆ ಅಷ್ಟು ಸಾಕು. ಮರವನ್ನೇ ಪುಡಿಮಾಡುವ ದೊಡ್ಡ ಮಲ್ಚರ್ ಬೇಕೆಂದರೆ ಮಾತ್ರ ಹೆಚ್ಚು ಹರಿವಿನ ‘ಹೈ ಫ್ಲೋ’ ಮಾದರಿಯೇ ಆಗಬೇಕು. ಇಲ್ಲದಿದ್ದರೆ ಅದರ ಡ್ರಮ್ಮು ಕಾಂಡ ಸಿಕ್ಕಲ್ಲೆಲ್ಲ ನಿಂತುಬಿಡುತ್ತದೆ.

ಕಟರ್ ಮಣಿಕಟ್ಟಿನಷ್ಟು ದಪ್ಪದ ಕಾಂಡಗಳನ್ನು ಸಲೀಸಾಗಿ ಕತ್ತರಿಸಿತಾದರೂ, ಉಳಿದ ಕೂಳೆಗಳು ಈಟಿಯಂತೆ ಚೂಪಾಗಿ ನಿಂತು ಎರಡನೆಯ ದಿನವೇ ಒಂದು ಟೈರನ್ನು ತೂತು ಮಾಡಿದವು. ಇಂಥ ಕೆಲಸಕ್ಕೆ ಗಾಳಿಯಿಲ್ಲದ ಗಟ್ಟಿ ಟೈರೇ ಲೇಸು. ತೇವದ ನೆಲವಾದರೆ ಚಕ್ರದ ಬದಲು ರಬ್ಬರ್ ಪಟ್ಟಿಯ ಮೇಲೆ ಓಡುವ ಟ್ರ್ಯಾಕ್ ಯಂತ್ರ ಹೂತುಹೋಗುವ ಭಯ ಕಡಿಮೆ, ಆದರೆ ಆ ಪಟ್ಟಿ ಬದಲಿಸುವ ಖರ್ಚು ದುಬಾರಿ.

ನನಗೆ ತುಂಬ ಹಿಡಿಸಿದ್ದು ಗ್ರ್ಯಾಪಲ್: ಪೊದೆಯನ್ನು ಬೇರುಸಹಿತ ಕಿತ್ತು ಎತ್ತಿದಾಗ ಮಣ್ಣೆಲ್ಲ ಹಲ್ಲುಗಳ ಸಂದಿಯಿಂದ ಉದುರಿ, ಕಸವಷ್ಟೇ ರಾಶಿ ಸೇರುತ್ತದೆ. ರೇಡಿಯೇಟರ್ ಮಾತ್ರ ತಲೆನೋವು. ಒಣ ಎಲೆಯ ಹೊಟ್ಟು ತುಂಬಿ ಬಿಸಿಯೇರುತ್ತಿದ್ದುದರಿಂದ ಎರಡು ಗಂಟೆಗೊಮ್ಮೆ ಇಳಿದು ಸ್ವಚ್ಛ ಮಾಡಬೇಕಾಯಿತು. ಮುಂಬಾಗಿಲು ಸುಲಭಕ್ಕೆ ಒಡೆಯದ ಪಾಲಿಕಾರ್ಬನೇಟ್ ಪ್ಲಾಸ್ಟಿಕ್ಕಿನದೇ ಇರಲಿ ಎಂದು ನಾನು ಪಟ್ಟುಹಿಡಿದಾಗ ಬಾಡಿಗೆಯವರು ನಕ್ಕಿದ್ದರು. ಯಂತ್ರ ಹಿಂದಿರುಗಿಸುವಾಗ ಆ ಬಾಗಿಲ ಮೇಲೆ ಕಲ್ಲೇಟಿನ ಮೂರು ಗುರುತುಗಳಿದ್ದವು.