ಹಳೆಯ ನೆಲ ಕಿತ್ತಿದ್ದೇವೆ ಎಂದು ಬಾಯಿಮಾತಿನಲ್ಲಿ ಹೇಳಿದರೆ ನಂಬಬೇಡಿ

ಮನೆ ರಿಪೇರಿಗೆ ಕೈಹಾಕುತ್ತಿರುವವರು, ಅದರಲ್ಲೂ ಮಹಡಿಯ ಮೇಲಿನ ಬಚ್ಚಲುಮನೆಯನ್ನು ಹೊಸದಾಗಿ ಮಾಡಿಸಬೇಕೆಂದಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ₹1,90,000 ಕೊಟ್ಟು ಮಾಡಿಸಿದ ನಮ್ಮ ಬಚ್ಚಲು ಐದೇ ತಿಂಗಳಿಗೆ ಕೆಳಗಿನ ಹಾಲ್‌ನಲ್ಲಿ ತೊಟ್ಟಿಕ್ಕತೊಡಗಿತು. ಹಣ ಹೋದ ಸಂಕಟ ಒಂದು ಕಡೆಗಿರಲಿ, ಮೋಸದ ಗುರುತುಗಳೆಲ್ಲ ಕಣ್ಣೆದುರಿಗೇ ಇದ್ದರೂ ಒಂದನ್ನೂ ಗಟ್ಟಿಯಾಗಿ ಪ್ರಶ್ನಿಸದೆ ಹಣ ಕೊಡುತ್ತಾ ಹೋದೆನಲ್ಲ ಎಂಬ ನಾಚಿಕೆ ಈಗಲೂ ನನ್ನನ್ನು ಬಿಟ್ಟಿಲ್ಲ.

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ತಂದೆ 1988ರಲ್ಲಿ ಕಟ್ಟಿಸಿದ ಮನೆ ಅದು. ಮಹಡಿಯ ಬಚ್ಚಲಿನ ನೆಲಕ್ಕೆ ಕಪ್ಪು ಬಿಳಿ ಚುಕ್ಕೆಗಳ ಮೊಸಾಯಿಕ್, ಗೋಡೆಗೆ ಮೂರಡಿ ಎತ್ತರಕ್ಕೆ ತಿಳಿಗುಲಾಬಿ ಬಣ್ಣದ ಟೈಲ್ಸ್, ಒಳಗೆ ತುಕ್ಕು ಹಿಡಿದ ಕಬ್ಬಿಣದ ಪೈಪುಗಳು. ಎಲ್ಲವನ್ನೂ ಕಿತ್ತು ಹೊಸದಾಗಿ ಮಾಡಬೇಕೆಂದು ಪರಿಚಯದವರ ಮೂಲಕ ಒಬ್ಬ ಕಂಟ್ರಾಕ್ಟರನ್ನು ಗೊತ್ತುಮಾಡಿದೆವು. ಅವರು ವಾಟ್ಸ್ಆಪ್‌ನಲ್ಲಿ ಕಳಿಸಿದ ಕೊಟೇಶನ್‌ನಲ್ಲಿ "ಹಳೆಯ ನೆಲ, ಗೋಡೆ ಟೈಲ್ಸ್ ಕಿತ್ತು ಸಾಗಿಸುವುದು ₹14,000", "ವಾಟರ್‌ಪ್ರೂಫಿಂಗ್ ₹18,000" ಎಂದು ಬೇರೆ ಬೇರೆ ಸಾಲುಗಳೇ ಇದ್ದವು. ಯಾವ ಸಾಮಗ್ರಿ, ಎಷ್ಟು ಕೋಟ್, ಗೋಡೆಗೆ ಎಷ್ಟು ಎತ್ತರದವರೆಗೆ ಎಂಬುದು ಎಲ್ಲಿಯೂ ಇರಲಿಲ್ಲ, ನಾನೂ ಕೇಳಲಿಲ್ಲ. ಬಿಲ್ ಕೇಳಿದಾಗ, "ಬಿಲ್ ಬೇಕು ಅಂದ್ರೆ 18 ಪರ್ಸೆಂಟ್ ಜಿಎಸ್‌ಟಿ ಮೇಲೆ ಬೀಳುತ್ತೆ ಮೇಡಂ, ಸುಮ್ನೆ ನಿಮಗ್ಯಾಕೆ ಖರ್ಚು" ಎಂದರು. ಮೂವತ್ತು ನಲವತ್ತು ಸಾವಿರ ಉಳಿಯುತ್ತದೆಂದು ಸುಮ್ಮನಾದೆ. ಆ ಒಂದು ತಪ್ಪು ಮುಂದೆ ನನ್ನ ಕೈಯನ್ನೇ ಕಟ್ಟಿಹಾಕಿತು.

ಕೆಲಸ ಶುರುವಾದ ಮೂರನೆಯ ದಿನ, "ನಾಳೆ ನಾಡಿದ್ದು ನೆಲ ಒಡೀತೀವಿ, ವಿಪರೀತ ಧೂಳು, ಮಕ್ಕಳನ್ನ ಕರ್ಕೊಂಡು ಮೇಲೆ ಬರಬೇಡಿ" ಎಂದರು. ನಾವು ಹೋಗಲಿಲ್ಲ. ಎರಡು ದಿನ ಕಳೆದು ಹೋದಾಗ ಹೊಸ ಟೈಲ್ಸ್ ಅರ್ಧಕ್ಕೂ ಹೆಚ್ಚು ಕೂತಿತ್ತು. ಬಾಗಿಲು ಪೂರ್ತಿ ತೆರೆಯದೆ ನೆಲಕ್ಕೆ ತಾಗುತ್ತಿತ್ತು. ಬಡಗಿಯೊಬ್ಬ ಅದನ್ನು ಕೀಲಿನಿಂದ ಬಿಚ್ಚಿ, ಬುಡದಲ್ಲಿ ಸುಮಾರು ಒಂದೂವರೆ ಇಂಚು ಕೊಯ್ಯುತ್ತಿದ್ದ. ಹಳೆಯ ನೆಲ ಕಿತ್ತ ಮೇಲೆ ಹೊಸ ನೆಲ ಅದೇ ಮಟ್ಟಕ್ಕೆ ಬರಬೇಕಲ್ಲ, ಬಾಗಿಲನ್ನು ಯಾಕೆ ಕೊಯ್ಯಬೇಕು ಎಂದು ಕೇಳಿದೆ. "ಇಳಿಜಾರು ಕೊಡೋಕೆ ಟೈಲ್ಸ್ ಕೆಳಗಿನ ಗಾರೆ ಬೆಡ್ ದಪ್ಪ ಹಾಕಿದ್ದೀವಿ ಮೇಡಂ, ನೀರು ನಿಲ್ಲಬಾರದಲ್ಲ" ಎಂದರು. ನಂಬಿದೆ. ಹೊರಗೆ ಕಾಂಪೌಂಡಿನ ಪಕ್ಕ ಆರು ಚೀಲ ಒಡೆದ ಗುಲಾಬಿ ಟೈಲ್ಸ್ ಬಿದ್ದಿತ್ತು, ಮೊಸಾಯಿಕ್‌ನ ಒಂದು ಚೂರೂ ಅದರಲ್ಲಿರಲಿಲ್ಲ. ಅದನ್ನೂ ನೋಡಿದೆ. ಒಂದು ಟ್ರ್ಯಾಕ್ಟರ್ ಲೋಡ್ ಆಗಲೇ ಹೋಯಿತು ಎಂದರು. ಅದನ್ನೂ ನಂಬಿದೆ.

ಐದು ತಿಂಗಳ ನಂತರ, ಮಾರ್ಚ್ ತಿಂಗಳಲ್ಲಿ, ಕೆಳಗಿನ ಹಾಲ್‌ನ ಫ್ಯಾನ್ ಕೊಕ್ಕೆಯ ಸುತ್ತ ತಟ್ಟೆಯಗಲದ ಕಂದು ಕಲೆ ಕಾಣಿಸಿತು. ವಾರದೊಳಗೆ ಬಣ್ಣ ಉಬ್ಬಿ ಪದರ ಪದರವಾಗಿ ಉದುರಿತು. ಒಂದು ಬೆಳಿಗ್ಗೆ ಪೇಪರ್ ಓದುತ್ತ ಕುಳಿತಿದ್ದ ಅಪ್ಪನ ಕೈಮೇಲೆ ಫ್ಯಾನಿನ ಕಪ್‌ನಿಂದ ನೀರು ತೊಟ್ಟಿಕ್ಕಿತು. ತಕ್ಷಣ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ನನ್ನು ಕರೆಸಿದಾಗ ಇನ್ನೊಂದು ಹೊರಬಿತ್ತು: ಗೀಸರ್‌ಗೆ 4 ಚದರ ಮಿಲಿಮೀಟರ್ ತಂತಿ ಎಂದು ಬರೆದುಕೊಟ್ಟಿದ್ದ ಜಾಗದಲ್ಲಿ 1.5ರ ತೆಳು ತಂತಿ ಎಳೆದಿದ್ದರು.

ಕಂಟ್ರಾಕ್ಟರ್‌ಗೆ ಫೋನ್ ಮಾಡಿದೆ. ಮೊದಲ ಉತ್ತರ: "ಮಳೆ ನೀರಿರಬೇಕು ಮೇಡಂ, ತಾರಸಿ ನೋಡಿಸಿ." ಆ ತಿಂಗಳು ಒಂದು ಹನಿ ಮಳೆ ಬಿದ್ದಿರಲಿಲ್ಲ. ಎರಡನೆಯ ಉತ್ತರ: "ನೀವು ಬಚ್ಚಲಲ್ಲಿ ಬಟ್ಟೆ ಒಗೆಯೋದು ಜಾಸ್ತಿ." ಬಚ್ಚಲಲ್ಲಿ ನೀರು ಬಳಸದೆ ಇನ್ನೆಲ್ಲಿ ಬಳಸಬೇಕು? ಮೂರನೆಯ ಸಲ ಒಬ್ಬ ಹುಡುಗನನ್ನು ಕಳಿಸಿ, ಟೈಲ್ಸ್ ಸಂದಿಗಳಿಗೆ ಬಿಳಿ ಸಿಮೆಂಟ್ ತುಂಬಿಸಿ ₹2,500 ಕೇಳಿದರು. ಕೊಟ್ಟೆ. ಹತ್ತು ದಿನಕ್ಕೆ ಮತ್ತೆ ತೊಟ್ಟಿಕ್ಕಿತು.

ಕೊನೆಗೆ ನಾವೇ ಬೇರೊಬ್ಬ ಹಿರಿಯ ಮೇಸ್ತ್ರಿಯನ್ನು ಕರೆಸಿದೆವು. ಅವರು ಬಾಗಿಲ ಬುಡ ನೋಡಿದರು, ಉಳಿಯ ಹಿಡಿಯಿಂದ ನೆಲವನ್ನು ನಾಲ್ಕು ಕಡೆ ತಟ್ಟಿದರು, ಮೂಲೆಯ ಒಂದು ಟೈಲ್ಸ್ ಒಡೆದರು. ಕೆಳಗೆ ಒಂದಿಂಚು ಒದ್ದೆ ಸಿಮೆಂಟ್ ಗಾರೆ. ಅದನ್ನು ಕೆರೆದಾಗ ಕೆಳಗೆ ಕಂಡದ್ದು ಕಪ್ಪು ಬಿಳಿ ಚುಕ್ಕೆಗಳ ಮೊಸಾಯಿಕ್. ನಾನು ಹುಟ್ಟಿದಾಗಿನಿಂದ ಕಾಲಿಟ್ಟ ಅದೇ ನೆಲ, ಒಂದು ಏಟೂ ಬೀಳದೆ, ನಯವಾಗಿ, ನೀರಲ್ಲಿ ಹೊಳೆಯುತ್ತಾ ಇತ್ತು. ಕಿತ್ತದ್ದಕ್ಕೆ ದುಡ್ಡು ಕೊಟ್ಟಿದ್ದೆ, ಸಾಗಿಸಿದ್ದಕ್ಕೆ ದುಡ್ಡು ಕೊಟ್ಟಿದ್ದೆ, ಅದರ ಕೆಳಗೆ ವಾಟರ್‌ಪ್ರೂಫಿಂಗ್ ಬಳಿದದ್ದಕ್ಕೆ ಹದಿನೆಂಟು ಸಾವಿರ ಕೊಟ್ಟಿದ್ದೆ. ಅಪ್ಪ ಬಾಗಿಲ ಬಳಿ ನಿಂತಿದ್ದರು. ಅವರು ಏನೂ ಹೇಳಲಿಲ್ಲ. ಅವರ ಮುಖ ನೋಡಲು ನನಗಾಗಲಿಲ್ಲ.

ಟೈಲ್ಸ್ ಆಗಲಿ, ಸಂದಿಯ ಸಿಮೆಂಟ್ ಆಗಲಿ ನೀರನ್ನು ಪೂರ್ತಿ ತಡೆಯುವುದಿಲ್ಲ ಎಂದು ಮೇಸ್ತ್ರಿ ವಿವರಿಸಿದರು. ಸಂದಿಗಳಲ್ಲಿ ಇಳಿದ ನೀರು ಹಳೆಯ ಟ್ರ್ಯಾಪಿನ (ನೆಲದ ನೀರು ಹೊರಹೋಗುವ ಕಿಂಡಿಯ) ಸುತ್ತಲಿನ ಬಿರುಕಿನಿಂದ ಕೆಳಗಿಳಿದು, ಸಂಕನ್ ಸ್ಲ್ಯಾಬಿನಲ್ಲಿ, ಅಂದರೆ ಬಚ್ಚಲಿನ ಪೈಪುಗಳಿಗೆಂದು ತಗ್ಗಿಸಿ ಹಾಕಿದ ಕಾಂಕ್ರೀಟ್ ಹಾಸಿನಲ್ಲಿ, ತುಂಬಿದ ಇಟ್ಟಿಗೆ ಚೂರುಗಳ ನಡುವೆ ನಿಲ್ಲುತ್ತದೆ. ಅದು ತುಂಬುವವರೆಗೆ ಹೊರಗೆ ಏನೂ ಕಾಣುವುದಿಲ್ಲ, ಆಮೇಲೆ ಕಾಂಕ್ರೀಟಿನಲ್ಲಿ ಒಸರಿ ಒಳಗಿನ ಕಂಬಿಗಳಿಗೆ ತುಕ್ಕು ಹಿಡಿಸುತ್ತದೆ. ನಮಗೆ ಐದು ತಿಂಗಳು ತಿಳಿಯದೆ ಇದ್ದದ್ದು ಇದರಿಂದಲೇ. ಕಂಟ್ರಾಕ್ಟರ್ ಅಷ್ಟರಲ್ಲಿ ಕೊನೆಯ ಕಂತನ್ನೂ ತೆಗೆದುಕೊಂಡು ಆಗಿತ್ತು.

ಫೋಟೋ ಕಳಿಸಿದಾಗ ಬಂದ ಉತ್ತರವನ್ನು ಇದ್ದಂತೆಯೇ ಬರೆಯುತ್ತೇನೆ: "ಮೊಸಾಯಿಕ್ ಗಟ್ಟಿ ಇತ್ತು ಮೇಡಂ, ಕಿತ್ತರೆ ಸ್ಲ್ಯಾಬ್‌ಗೆ ಏಟು ಬೀಳುತ್ತೆ ಅಂತ ನಿಮ್ಮ ಒಳ್ಳೇದಕ್ಕೇ ಬಿಟ್ಟಿದ್ದು." ಹಾಗಿದ್ದರೆ ಕಿತ್ತದ್ದಕ್ಕೆ ಹದಿನಾಲ್ಕು ಸಾವಿರ ಯಾಕೆ ತೆಗೆದುಕೊಂಡಿರಿ ಎಂದು ಕೇಳಿದೆ. ಒಂದು ದಿನ ಬಿಟ್ಟು ಬಂದ ಉತ್ತರ: "ಬಿಲ್ ಇದೆಯಾ ನಿಮ್ಮ ಹತ್ರ?" ಅದಾದ ಮೇಲೆ ಅವರು ನನ್ನ ಕರೆ ಸ್ವೀಕರಿಸಿಲ್ಲ.

ಆದ್ದರಿಂದ ಕೇಳಿಕೊಳ್ಳುತ್ತೇನೆ, ಧೂಳಿದೆ ಬರಬೇಡಿ ಎಂದ ದಿನವೇ ಹೋಗಿ ನಿಲ್ಲಿ. ಹಳೆಯದು ಕಿತ್ತ ಮೇಲೆ, ವಾಟರ್‌ಪ್ರೂಫಿಂಗ್ ಬಳಿದ ಮೇಲೆ, ಟೈಲ್ಸ್ ಕೂರಿಸುವ ಮೊದಲು ನೀವೇ ಫೋಟೋ ತೆಗೆಯಿರಿ. ಟ್ರ್ಯಾಪಿನ ಬಾಯಿ ಮುಚ್ಚಿಸಿ, 48 ಗಂಟೆ ನೀರು ನಿಲ್ಲಿಸಿ ನೋಡದೆ ಮುಂದಿನ ಕಂತು ಕೊಡಬೇಡಿ, ಅವರು ಎಷ್ಟೇ ಅವಸರ ಮಾಡಲಿ. ಬಿಲ್ ತೆಗೆದುಕೊಳ್ಳಿ, ತೆರಿಗೆ ಉಳಿಸುವ ಆಸೆಗೆ ಬೀಳಬೇಡಿ. ನನ್ನ ಹಾಗೆ ಬಿಲ್ ಇಲ್ಲದವರೂ ಬ್ಯಾಂಕ್ ಮೂಲಕ ಹಣ ಕೊಟ್ಟ ದಾಖಲೆ, ವಾಟ್ಸ್ಆಪ್ ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು, ಕೊಟ್ಟ ಹಣ ₹5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ದೂರಿನ ಕಾಗದಪತ್ರಗಳನ್ನು ನಾನು ಸಿದ್ಧಮಾಡಿಕೊಂಡಿದ್ದೇನೆ. ಬಚ್ಚಲನ್ನು ಸ್ಲ್ಯಾಬಿನವರೆಗೆ ಕೀಳಿಸಿ ಆ ಹಿರಿಯ ಮೇಸ್ತ್ರಿಯಿಂದಲೇ ಮತ್ತೆ ಮಾಡಿಸುತ್ತಿದ್ದೇವೆ. ಕಳೆದ ಶುಕ್ರವಾರ ನೀರು ನಿಲ್ಲಿಸಿ ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದೆವು. ಅಪ್ಪ ಎರಡು ರಾತ್ರಿಯೂ ಟಾರ್ಚ್ ಹಿಡಿದು ಹಾಲ್‌ನ ಸೂರನ್ನು ನೋಡುತ್ತಿದ್ದರು. ಭಾನುವಾರ ಸಂಜೆ ನೀರು ಗೆರೆಗಿಂತ ಕೂದಲೆಳೆಯಷ್ಟು ಮಾತ್ರ ಕೆಳಗಿತ್ತು, ಹಾಲ್‌ನ ಸೂರು ಒಣಗಿಯೇ ಇತ್ತು. ಸೋಮವಾರ ಮೇಸ್ತ್ರಿಗೆ ಟೈಲ್ಸ್ ಕೂರಿಸಲು ಹೇಳಿದೆ.